ಶುಗರ್ ಗುಳಿಗೆ, ಇನ್ಸುಲಿನ್ ತಗೊಂಡು ಗಾಡಿ ಹೊಡೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಔಷಧ ಅಂಗಡಿಯ ಕೌಂಟರ್ ಹಿಂದೆ ನಿಂತವರಿಗೆ ಶುಗರ್ ಬಗ್ಗೆ ದಿನವೂ ಪ್ರಶ್ನೆ ಬರುತ್ತವೆ. ಅನ್ನ ಬಿಡಬೇಕೇ, ಮಾವಿನಹಣ್ಣು ತಿನ್ನಬಹುದೇ, ಬೆಲ್ಲದ ಚಹಾ ನಡೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಗಾಡಿಯ ಬಗ್ಗೆ ತಾವಾಗಿ ಬಾಯಿ ಬಿಡುವವರು ಕಡಿಮೆ. ಗುಳಿಗೆ ಕೊಡುವಾಗ "ನೀವು ಏನು ಕೆಲಸ ಮಾಡ್ತೀರಿ?" ಎಂದು ನಾನೇ ಕೇಳಿದಾಗ ಲಾರಿ, ಆಟೋ, ಟ್ರ್ಯಾಕ್ಟರ್, ಬೈಕು ಒಂದೊಂದಾಗಿ ಹೊರಬರುತ್ತವೆ, ಜೊತೆಗೆ ಕೆಳಗಿನ ಪ್ರಶ್ನೆಗಳೂ. ಪ್ರಶ್ನೆಗಳನ್ನು ಮಂದಿ ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಇಲ್ಲಿ ಓದಿದ್ದನ್ನು ನೆಚ್ಚಿ ಯಾರೂ ತಾವಾಗಿ ಗುಳಿಗೆ ಬಿಡಬಾರದು, ಡೋಸ್ ಬದಲಿಸಬಾರದು. ಅದು ನಿಮ್ಮ ಡಾಕ್ಟರ ಕೆಲಸ.

ಶುಗರ್ ಐತಿ ಅಂದ್ರ ಗಾಡಿ ಹೊಡಿಯೂದು ಬಿಡಬೇಕೇನ್ರೀ?

ಬಿಡಬೇಕಿಲ್ಲ. ಶುಗರ್ ಇರುವ ಬಹಳಷ್ಟು ಜನ ಇಡೀ ಆಯುಷ್ಯ ಸುರಕ್ಷಿತವಾಗಿ ಗಾಡಿ ಓಡಿಸುತ್ತಾರೆ. ರಸ್ತೆಯ ಮೇಲೆ ನಿಜವಾದ ಅಪಾಯ ಇರುವುದು ರಕ್ತದ ಸಕ್ಕರೆ ಒಮ್ಮೆಲೇ ಕೆಳಗೆ ಇಳಿದಾಗ. ನಮ್ಮಲ್ಲಿ ಎಲ್ಲರೂ ಶುಗರ್ ಏರುವುದಕ್ಕೆ ಹೆದರುತ್ತಾರೆ, ಇಳಿಯುವುದರ ಬಗ್ಗೆ ಯೋಚಿಸುವವರು ಕಡಿಮೆ. ಏರಿದ ಶುಗರ್ ದೇಹವನ್ನು ಕೆಡಿಸಲು ಸಾಮಾನ್ಯವಾಗಿ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಇಳಿದ ಶುಗರ್‌ಗೆ ಕೆಲವು ನಿಮಿಷ ಸಾಕು. ಮಿದುಳು ನಡೆಯುವುದು ಮುಖ್ಯವಾಗಿ ಗ್ಲೂಕೋಸ್ ಮೇಲೆಯೇ. ಅದು ಕಡಿಮೆಯಾದರೆ ಮೊದಲು ಮಂಕಾಗುವುದು ನಿರ್ಧಾರ ಮಾಡುವ ಶಕ್ತಿ. ಕೈಕಾಲು ಆಡುತ್ತಿರುತ್ತವೆ, ಗಾಡಿ ಓಡುತ್ತಿರುತ್ತದೆ, ಬ್ರೇಕ್ ಯಾವಾಗ ಒತ್ತಬೇಕು ಎನ್ನುವುದು ಮಾತ್ರ ಹೊಳೆಯುವುದಿಲ್ಲ.

ಯಾವ ಗುಳಿಗಿಯಿಂದ ಶುಗರ್ ಡೌನ್ ಆಗ್ತದ? ಎಲ್ಲಾದ್ರಿಂದನೂ ಆಗ್ತದೇನು?

ಎಲ್ಲದರಿಂದ ಆಗುವುದಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಹೊತ್ತಿದ್ದರೆ ಇದನ್ನೇ ಓದಿ.

ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು ಇನ್ಸುಲಿನ್ ಮತ್ತು ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುವ ಗುಳಿಗೆಗಳು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಈ ಜಾತಿಯವು. ರೆಪಾಗ್ಲಿನೈಡ್ ಬೇರೆ ಗುಂಪಿನದಾದರೂ ಮಾಡುವ ಕೆಲಸ ಅದೇ. ನೀವು ಉಂಡಿರಿ, ಬಿಟ್ಟಿರಿ, ಈ ಗುಳಿಗೆಗೆ ಗೊತ್ತಾಗುವುದಿಲ್ಲ, ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ. ಹಾಗಾಗಿ ಗುಳಿಗೆ ನುಂಗಿ ಊಟ ತಡವಾದ ಹೊತ್ತೇ ಅಪಾಯದ ಹೊತ್ತು.

ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಪಯೋಗ್ಲಿಟಜೋನ್ ಮತ್ತು ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್ ಒಂಟಿಯಾಗಿ ಇದ್ದಾಗ ಸಕ್ಕರೆಯನ್ನು ಅಷ್ಟು ಕೆಳಗೆ ಇಳಿಸುವುದು ಅಪರೂಪ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಜೊತೆ ಸೇರಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ.

ನಮ್ಮ ಕಡೆ ಹೆಚ್ಚು ಮಂದಿ ನುಂಗುವುದು ಎರಡು ಮೂರು ಔಷಧ ಕೂಡಿಸಿದ ಒಂದೇ ಗುಳಿಗೆ. "ನಾನು ಬರೀ ಮೆಟ್‌ಫಾರ್ಮಿನ್ ತಗೋತೀನ್ರೀ" ಎನ್ನುವವರ ಸ್ಟ್ರಿಪ್ ತಿರುಗಿಸಿ ನೋಡಿದರೆ ಜೊತೆಗೆ ಗ್ಲಿಮೆಪಿರೈಡ್ ಇರುವುದು ಬಹಳ ಸಲ ಕಾಣುತ್ತದೆ. ಮುಂದೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಔಷಧದ ಹೆಸರು ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ. ಓದಲು ಆಗದಿದ್ದರೆ ಅಂಗಡಿಯಲ್ಲಿ ಕೇಳಿ: "ಇದು ಶುಗರ್ ಡೌನ್ ಮಾಡೋ ಜಾತಿಯದೇನ್ರೀ?" ಈ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ಕರ್ತವ್ಯ.

ಶುಗರ್ ಡೌನ್ ಆಗಿದ್ದು ಗಾಡಿ ಮ್ಯಾಲ ಇದ್ದಾಗ ಹೆಂಗ ಗೊತ್ತಾಗ್ತದ?

ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಒಮ್ಮೆಲೇ ಹಸಿವು. ಇವು ದೇಹ ಕೊಡುವ ಮೊದಲ ಎಚ್ಚರಿಕೆ. ಆಮೇಲೆ ಕಣ್ಣು ಮಂಜು, ಮಾತು ತೊದಲು, ಸುಮ್ಮಸುಮ್ಮನೆ ಸಿಟ್ಟು, ದಿನಾ ಓಡಾಡುವ ದಾರಿಯಲ್ಲೇ ತಿರುವು ತಪ್ಪುವುದು. ಹಾರ್ನ್ ಹೊಡೆದವರ ಮೇಲೆ ಎಂದೂ ಇಲ್ಲದ ಹಾಗೆ ಕೂಗಾಡುತ್ತಿದ್ದೀರಿ, ಗಾಡಿ ಲೇನ್ ಬಿಟ್ಟು ಬಿಟ್ಟು ಹೊರಟಿದೆ ಎಂದರೆ ನಿಲ್ಲಿಸಿ ಸಕ್ಕರೆ ನೋಡಿಕೊಳ್ಳಿ.

ಎರಡು ಸಂಗತಿ ಈ ಎಚ್ಚರಿಕೆಯನ್ನು ಮುಚ್ಚಿಬಿಡುತ್ತವೆ. ಬಹಳ ವರ್ಷದಿಂದ ಶುಗರ್ ಇದ್ದವರಿಗೆ, ಅದರಲ್ಲೂ ಪದೇ ಪದೇ ಡೌನ್ ಆಗುವವರಿಗೆ, ನಡುಕ ಬೆವರು ಬಾರದೆ ನೇರ ಮಂಕು ಕವಿಯಬಹುದು. ಎರಡನೆಯದು ಬಿ.ಪಿ., ಹೃದಯದ ಔಷಧ. ಪ್ರೊಪ್ರನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯವು ನಡುಕವನ್ನೂ ಎದೆ ಡವಡವವನ್ನೂ ಅಡಗಿಸುತ್ತವೆ, ಬೆವರನ್ನು ಅಡಗಿಸುವುದಿಲ್ಲ. ಇವನ್ನು ತೆಗೆದುಕೊಳ್ಳುವವರು ಕಾರಣವಿಲ್ಲದೆ ಬೆವರಿದರೆ ಸಾಕು, ಗಾಡಿ ಬದಿಗೆ ಹಾಕಬೇಕು. ಯಾವ ಸೂಚನೆಯೂ ಇಲ್ಲದೆ ಡೌನ್ ಆಗುವ ಅಭ್ಯಾಸ ಶುರುವಾದವರು ಡಾಕ್ಟರ್ ನೋಡಿ ಸರಿಪಡಿಸುವವರೆಗೂ ಸ್ಟೇರಿಂಗ್ ಹಿಡಿಯಲೇಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಹೊರಡೂ ಮುಂದ ಶುಗರ್ ಎಷ್ಟಿರಬೇಕು?

70ಕ್ಕಿಂತ ಕಡಿಮೆ ಇದ್ದರೆ ಅದು ಡೌನ್, ಕೀಲಿ ಮುಟ್ಟಬೇಡಿ. 70ರಿಂದ 90ರ ನಡುವೆ ಇದ್ದರೆ ಏನಾದರೂ ತಿಂದು, ಸಕ್ಕರೆ ಏರಿದ್ದನ್ನು ನೋಡಿಕೊಂಡು ಹೊರಡಿ. 90 ದಾಟಿರಬೇಕು. ಬ್ರಿಟನ್ನಿನಲ್ಲಿ ಡ್ರೈವರುಗಳಿಗೆ ಹೇಳಿಕೊಡುವ ಗಡಿಯೂ ಇದೇ. ಅವರ ಅಳತೆಯಲ್ಲಿ 5, ನಮ್ಮ ಮೀಟರಿನಲ್ಲಿ 90. ದೂರದ ಪ್ರಯಾಣದಲ್ಲಿ ಎರಡು ತಾಸಿಗೊಮ್ಮೆ ನೋಡಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕಾರು ಹೊಡೆಯುವವರಾದರೆ ರಾಣೇಬೆನ್ನೂರಿನಲ್ಲಿ ಒಮ್ಮೆ, ಚಿತ್ರದುರ್ಗದಲ್ಲಿ ಒಮ್ಮೆ, ಶಿರಾ ಹತ್ತಿರ ಒಮ್ಮೆ ಎಂದು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡರೆ ತಪ್ಪುವುದಿಲ್ಲ. ಈ ಲೆಕ್ಕ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಜಾತಿಯವರಿಗೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಪ್ರತಿ ಸಲ ಬೆರಳು ಚುಚ್ಚಿಕೊಳ್ಳಬೇಕಿಲ್ಲ.

ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಅಥವಾ ಸಿಹಿ ಮುಟ್ಟಿದ ಬೆರಳಿನಿಂದ ರಕ್ತ ತೆಗೆದರೆ ಮೀಟರ್ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. 65 ಇದ್ದವರಿಗೆ 140 ತೋರಿಸಿ ದಾರಿಗೆ ಕಳಿಸುವ ಮೀಟರಿಗಿಂತ ಮೀಟರ್ ಇಲ್ಲದಿರುವುದೇ ವಾಸಿ.

ದಾರ್ಯಾಗ ಡೌನ್ ಆದ್ರ ಏನ್ ಮಾಡ್ಬೇಕು? ಊರು ಇನ್ನ ಐದೇ ಕಿಲೋಮೀಟರ್ ಐತಿ ಅಂದ್ರ?

ಐದಲ್ಲ, ಒಂದೇ ಕಿಲೋಮೀಟರ್ ಇದ್ದರೂ ನಿಲ್ಲಿಸಿ. "ಮನೆ ಮುಟ್ಟಿಬಿಡ್ತೀನಿ" ಎನ್ನುವ ಯೋಚನೆಯೇ ಆಗ ಮಂಕಾದ ಮಿದುಳಿನಿಂದ ಬಂದದ್ದು.

ಇಂಡಿಕೇಟರ್ ಹಾಕಿ ನಿಧಾನ ಎಡಕ್ಕೆ ಬನ್ನಿ. ಗಬ್ಬೂರಿನಿಂದ ನರೇಂದ್ರದ ಕಡೆ ಹೋಗುವ ಬೈಪಾಸ್, ಹಾವೇರಿ ಕಡೆಯ ಹೆದ್ದಾರಿ, ಅಣ್ಣಿಗೇರಿ ಮೇಲೆ ಗದಗಿಗೆ ಹೋಗುವ ರಸ್ತೆ, ಎಲ್ಲೆಡೆ ಭಾರದ ಲಾರಿಗಳ ಓಡಾಟ ಇದೆ. ರಸ್ತೆಯ ಅಂಚಿನಲ್ಲಿ ಅರ್ಧ ನಿಂತರೆ ಹಿಂದಿನಿಂದ ಬಂದವರು ಗುದ್ದುತ್ತಾರೆ. ಪೂರ್ತಿ ಕೆಳಗಿಳಿದು, ಸಾಧ್ಯವಿದ್ದರೆ ಪೆಟ್ರೋಲ್ ಬಂಕ್ ಅಥವಾ ಧಾಬಾದ ಅಂಗಳದಲ್ಲಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಎಂಜಿನ್ ಬಂದ್ ಮಾಡಿ, ಕೀಲಿ ತೆಗೆಯಿರಿ. ಕಾರಾದರೆ ಸ್ಟೇರಿಂಗ್ ಬಿಟ್ಟು ಪಕ್ಕದ ಸೀಟಿಗೆ ಸರಿಯಿರಿ. ಇದು ಯಾಕೆಂದರೆ, ಮಂಕಿನಲ್ಲಿ ಮತ್ತೆ ಗಾಡಿ ಚಾಲೂ ಮಾಡಿಕೊಂಡು ಹೊರಟುಬಿಡುವ ಸಂಭವ ಇರುತ್ತದೆ. ಬೈಕಿನವರು ಸ್ಟ್ಯಾಂಡ್ ಹಾಕಿ ಇಳಿದು ನೆಲದ ಮೇಲೆ ಕೂಡ್ರಿ, ಬೈಕಿನ ಮೇಲೆ ಅಲ್ಲ.

ನಂತರ 15 ಗ್ರಾಂ ಗ್ಲೂಕೋಸ್. ಅಂದರೆ ಮೂರು ಚಹಾ ಚಮಚ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಯಿರಿ. ನೀರಿಲ್ಲದಿದ್ದರೆ ಹಾಗೆಯೇ ಬಾಯಿಗೆ ಹಾಕಿಕೊಳ್ಳಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ. ಏರಿದ ಮೇಲೆ ಬಿಸ್ಕಿಟ್, ಬಾಳೆಹಣ್ಣು, ಕಟ್ಟಿಕೊಂಡ ರೊಟ್ಟಿ, ಏನಾದರೂ ಹೊಟ್ಟೆಗೆ ಬೀಳಲಿ. ಗ್ಲಿಮೆಪಿರೈಡ್ ಒಂದು ದಿನದವರೆಗೂ ಕೆಲಸ ಮಾಡುವ ಗುಳಿಗೆ. ಬರೀ ಗ್ಲೂಕೋಸ್ ಕುಡಿದು ಬಿಟ್ಟರೆ ತಾಸೊತ್ತಿನಲ್ಲಿ ಮತ್ತೆ ಎಳೆಯಬಹುದು.

ಗ್ಲೂಕೋಸ್ ಯಾಕ? ಧಾರವಾಡ ಪೇಡಾ ಕಿಸೇದಾಗ ಇರ್ತಾವಲ್ರೀ?

ಪೇಡಾದಲ್ಲಿ ಸಕ್ಕರೆ ಇದೆ ನಿಜ, ಹಾಲಿನ ಕೊಬ್ಬೂ ಇದೆ. ಕೊಬ್ಬು ಹೊಟ್ಟೆಯನ್ನು ನಿಧಾನ ಮಾಡುತ್ತದೆ, ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಚಾಕೊಲೇಟಿಗೂ ಇದೇ ಮಾತು. ಏನೂ ಇಲ್ಲದಾಗ ಪೇಡಾ ತಿನ್ನಿ, ಆದರೆ ಮೊದಲ ಆಯ್ಕೆ ಅದಲ್ಲ. ಮಿರ್ಚಿ, ಗಿರಮಿಟ್ ಅಂತೂ ಈ ಹೊತ್ತಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಮಾತು ಬಹಳ ಜನರಿಗೆ ಯಾರೂ ಹೇಳಿರುವುದಿಲ್ಲ. ನಿಮ್ಮ ಗುಳಿಗೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದೆಯೇ ನೋಡಿಕೊಳ್ಳಿ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಕೂಡಿದ ಗುಳಿಗೆ ನಮ್ಮ ಕಡೆ ಸಾಮಾನ್ಯ. ವೋಗ್ಲಿಬೋಸ್ ಮಾಡುವ ಕೆಲಸವೇ ಕರುಳಿನಲ್ಲಿ ಸಕ್ಕರೆ ಮತ್ತು ಪಿಷ್ಟ ಒಡೆಯುವುದನ್ನು ತಡೆಯುವುದು. ಅದನ್ನು ನುಂಗಿದವರು ಡೌನ್ ಆದಾಗ ಮನೆಯ ಸಕ್ಕರೆ, ಬೆಲ್ಲ, ಬಿಸ್ಕಿಟ್ ತಿಂದರೆ ಬೇಗ ಏರುವುದಿಲ್ಲ. ಗ್ಲೂಕೋಸ್ ಆದರೆ ಒಡೆಯುವ ಕೆಲಸವೇ ಇಲ್ಲ, ನೇರ ರಕ್ತಕ್ಕೆ ಹೋಗುತ್ತದೆ. ಹಾಗಾಗಿ ಗ್ಲೂಕೋಸ್ ಪುಡಿಯ ಪೊಟ್ಟಣವನ್ನು ಕಿಸೆಯಲ್ಲಿ ಅಥವಾ ಕೈಗೆ ಸಿಗುವ ಕಡೆ ಇಡಿ. ಡಿಕ್ಕಿಯಲ್ಲಿ ಇಟ್ಟರೆ ಬೇಕಾದಾಗ ಸಿಗದು. ಉಳಿದವರಿಗೆ ಮೂರು ಚಮಚ ಸಕ್ಕರೆ, ಇಲ್ಲವೇ ಡಯಟ್ ಅಲ್ಲದ ತಂಪು ಪಾನೀಯ ಸುಮಾರು 150 ಮಿಲಿ ಕೂಡ ನಡೆಯುತ್ತದೆ.

ಶುಗರ್ ಏರಿತು, ನಡುಕ ನಿಂತಿತು. ಇನ್ನ ಹೊಂಡಬಹುದಲ್ಲ?

ಇಲ್ಲ. ಸಕ್ಕರೆ 90 ದಾಟಿದ ಮೇಲೂ 45 ನಿಮಿಷ ಕಾಯಿರಿ. ರಕ್ತದಲ್ಲಿ ಸಕ್ಕರೆ ಸರಿಯಾಗುವುದಕ್ಕೂ ಮಿದುಳು ಪೂರ್ತಿ ಚುರುಕಾಗುವುದಕ್ಕೂ ನಡುವೆ ಅಂತರವಿದೆ. ಮೈ ಹಗುರಾಗಿದೆ ಅನ್ನಿಸುತ್ತದೆ, ಆದರೆ ಅಡ್ಡ ಬಂದ ಎಮ್ಮೆಗೆ ಬ್ರೇಕ್ ಹಾಕುವ ವೇಗ ಇನ್ನೂ ಬಂದಿರುವುದಿಲ್ಲ. ಬೇರೆ ಯಾರಾದರೂ ಓಡಿಸಲು ಬರುವುದಾದರೆ ಅವರಿಗೆ ಕೀಲಿ ಕೊಡಿ.

ಲಾರಿ ಡ್ರೈವರ್ ಅದೀನ್ರೀ. ಊಟದ ಟೈಮ್ ನಮ್ಮ ಕೈಯಾಗ ಇರೂದಿಲ್ಲ.

ಈ ಮಾತನ್ನು ಡಾಕ್ಟರ ಮುಂದೆ ಹೇಳಿ, ಮೊದಲನೇ ಮಾತಾಗಿಯೇ ಹೇಳಿ. ಐದು ನಿಮಿಷದ ತಪಾಸಣೆಯಲ್ಲಿ ಅವರು ನಿಮ್ಮ ರಿಪೋರ್ಟ್ ನೋಡುತ್ತಾರೆ, ನಿಮ್ಮ ದಿನ ಹೇಗಿರುತ್ತದೆ ಎಂದು ನೀವು ಹೇಳದ ಹೊರತು ಗೊತ್ತಾಗುವುದಿಲ್ಲ. "ಮಧ್ಯಾಹ್ನದ ಊಟ ಒಂದಕ್ಕೂ ಆಗಬಹುದು, ನಾಲ್ಕಕ್ಕೂ ಆಗಬಹುದು" ಎಂದರೆ ಶುಗರ್ ಡೌನ್ ಮಾಡದ ಜಾತಿಯ ಗುಳಿಗೆಗೆ ಬದಲಿಸಲು ಆಗುತ್ತದೆಯೇ ಎಂದು ಅವರು ಯೋಚಿಸಬಲ್ಲರು. ಎಲ್ಲರಿಗೂ ಆಗಲಿಕ್ಕಿಲ್ಲ, ಖರ್ಚಿನಲ್ಲೂ ಹೆಚ್ಚುಕಮ್ಮಿ ಇದೆ. ಆದರೆ ಕೇಳದೆ ಇರಬೇಡಿ.

ಮುಂಜಾನೆ ಮಿಶ್ರ ಇನ್ಸುಲಿನ್, ಅಂದರೆ 30/70, ಚುಚ್ಚಿಕೊಳ್ಳುವವರಿಗೆ ಮಧ್ಯಾಹ್ನದ ಊಟ ತಪ್ಪಿಸುವ ಸ್ವಾತಂತ್ರ್ಯ ಇಲ್ಲ. ಏಳಕ್ಕೆ ಚುಚ್ಚಿದ್ದರ ನಿಧಾನದ ಭಾಗ ಮಧ್ಯಾಹ್ನದ ಹೊತ್ತಿಗೆ ಜೋರಾಗಿ ಕೆಲಸ ಮಾಡುತ್ತಿರುತ್ತದೆ. ಆಗ ತಡಸದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರೂ ಹೊಟ್ಟೆಗೆ ಏನಾದರೂ ಹೋಗಲೇಬೇಕು. ಕ್ಯಾಬಿನ್ನಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು ಇಟ್ಟುಕೊಳ್ಳಿ.

ಮೈ ಮುರಿದು ದುಡಿದ ದಿನ ಸಕ್ಕರೆ ಇನ್ನೂ ಇಳಿಯುತ್ತದೆ, ಮರುದಿನದವರೆಗೂ ಇಳಿಯಬಹುದು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದ ಡ್ರೈವರ್ ಹಮಾಲರ ಜೊತೆ ತಾನೂ ಚೀಲ ಇಳಿಸಿ, ಹಾಗೆಯೇ ಸ್ಟೇರಿಂಗ್ ಹಿಡಿದು ರಾತ್ರಿ ಗದಗಿಗೆ ಹೊರಟರೆ ಅದು ಅಪಾಯದ ಪ್ರಯಾಣ. ಸುಗ್ಗಿಯಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದು ಟ್ರ್ಯಾಕ್ಟರ್ ಹೊಡೆಯುವವರಿಗೂ ಇದೇ ಮಾತು.

ಕೆಲಸ ಹೋದೀತು ಎಂದು ಶುಗರ್ ಮುಚ್ಚಿಡುವವರ ಸಂಕಟ ನನಗೆ ಅರ್ಥವಾಗುತ್ತದೆ. ಮನೆ ನಡೆಯುವುದೇ ಆ ಸ್ಟೇರಿಂಗಿನ ಮೇಲೆ. ಮಾಲೀಕರಿಗೆ ಹೇಳಲು ಧೈರ್ಯ ಬಾರದಿದ್ದರೂ ಕ್ಲೀನರ್‌ಗೆ, ಜೊತೆ ಡ್ರೈವರ್‌ಗೆ ಹೇಳಿ, ಗ್ಲೂಕೋಸ್ ಎಲ್ಲಿದೆ ತೋರಿಸಿ. ಮಾಲೀಕರಿಗೂ ಒಂದು ಮಾತು: ಶುಗರ್ ಇದೆ ಎಂದು ಬಾಯಿಬಿಟ್ಟು ಹೇಳಿದ ಡ್ರೈವರ್, ಮುಚ್ಚಿಟ್ಟವನಿಗಿಂತ ನಿಮ್ಮ ಗಾಡಿಗೆ ಸುರಕ್ಷಿತ. ಅವನಿಗೆ ಊಟದ ಹೊತ್ತು ಕೊಡಿ.

ಉಪವಾಸ ಇದ್ದಾಗ?

ಶಿವರಾತ್ರಿ, ಏಕಾದಶಿ, ಶ್ರಾವಣ ಸೋಮವಾರ, ರಂಜಾನಿನ ರೋಜಾ, ಯಾವುದೇ ಇರಲಿ, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿ ತೆಗೆದುಕೊಳ್ಳುವವರು ಮೊದಲೇ ಡಾಕ್ಟರ್ ಹತ್ತಿರ ಹೋಗಿ ಡೋಸ್ ಮತ್ತು ಹೊತ್ತು ಬದಲಿಸಿಕೊಳ್ಳಬೇಕು. ದಿನದ ಡೋಸ್ ನುಂಗಿ ಬರಿ ಹೊಟ್ಟೆಯಲ್ಲಿ ಬೈಕ್ ಮೇಲೆ ಸಿದ್ಧಾರೂಢ ಮಠಕ್ಕೋ ಎಲ್ಲಮ್ಮನ ಗುಡ್ಡಕ್ಕೋ ಹೊರಡಬೇಡಿ. ರೋಜಾದಲ್ಲಿ ಇಫ್ತಾರಿಗೆ ಮುಂಚಿನ ತಾಸು ಎಲ್ಲಕ್ಕಿಂತ ಸೂಕ್ಷ್ಮ, ಮನೆ ಸೇರುವ ಗಡಿಬಿಡಿಯೂ ಆಗಲೇ. 70ರ ಕೆಳಗೆ ಹೋದರೆ ಉಪವಾಸ ಮುರಿಯಲೇಬೇಕು. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುವುದಿಲ್ಲ ಎಂದು ಧರ್ಮ ಬಲ್ಲವರೂ ಹೇಳುತ್ತಾರೆ.

ಹೊಸಾ ಗುಳಿಗಿ ಕೊಟ್ಟಾರ. ಇವತ್ತೇ ಗಾಡಿ ಹೊಡಿಬಹುದಾ?

ಇನ್ಸುಲಿನ್ ಶುರು ಮಾಡಿದಾಗ, ಡೋಸ್ ಏರಿಸಿದಾಗ, ಶುಗರ್ ಡೌನ್ ಮಾಡುವ ಗುಳಿಗೆ ಹೊಸದಾಗಿ ಬಂದಾಗ ಮೊದಲ ಕೆಲವು ದಿನ ನಿಮ್ಮ ದೇಹಕ್ಕೆ ಅದು ಹೇಗೆ ಹಿಡಿಸುತ್ತದೆ ಗೊತ್ತಿರುವುದಿಲ್ಲ. ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡುವವರಿಗೆ ಆ ದಿನಗಳಲ್ಲಿ ಚಿಗರಿ ಬಸ್ ಇದೆ. ಸಕ್ಕರೆ ಬೇಗ ಇಳಿಯುತ್ತ ಬಂದಾಗ ಕಣ್ಣಿನ ಮಸೂರವೂ ಬದಲಾಗಿ ಕೆಲವು ವಾರ ದೃಷ್ಟಿ ಮಂಜಾಗುವುದುಂಟು. ಅದೇ ಹೊತ್ತಿನಲ್ಲಿ ಹೊಸ ಚಷ್ಮಾ ಮಾಡಿಸಿ ದುಡ್ಡು ಕಳೆದುಕೊಳ್ಳಬೇಡಿ, ಸಕ್ಕರೆ ನಿಲುಗಡೆಗೆ ಬಂದ ಮೇಲೆ ಮಾಡಿಸಿ.

ಬೇರೆ ಕಾಯಿಲೆಗೆ ಬರೆದ ಔಷಧವೂ ಲೆಕ್ಕಕ್ಕೆ ಬರುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಕೊ-ಟ್ರೈಮೊಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್‌ಗಳು ಗ್ಲಿಮೆಪಿರೈಡ್ ಜಾತಿಯ ಜೊತೆ ಸೇರಿ ಸಕ್ಕರೆಯನ್ನು ಇನ್ನೂ ಇಳಿಸಬಲ್ಲವು. ಕಿಡ್ನಿ ದುರ್ಬಲವಾದವರಲ್ಲಿ ಇನ್ಸುಲಿನ್ ಮತ್ತು ಈ ಗುಳಿಗೆಗಳು ಹೆಚ್ಚು ಹೊತ್ತು ಉಳಿಯುತ್ತವೆ.

ಕಾಲು ಜೋಮು ಹಿಡೀತಾವ. ಬ್ರೇಕ್ ಒತ್ತಿದ್ದು ಗೊತ್ತಾಗೂದಿಲ್ಲ.

ಹಾಗಿದ್ದರೆ ಗಾಡಿ ಬಿಡಿ, ಡಾಕ್ಟರ್ ನೋಡುವವರೆಗಾದರೂ ಬಿಡಿ. ಪಾದದ ನರ ಸೋತು, ಪೆಡಲ್ ಎಷ್ಟು ಒತ್ತಿದೆ, ಯಾವ ಪೆಡಲ್ ಒತ್ತಿದೆ ಎಂಬುದೇ ತಿಳಿಯದಿದ್ದರೆ ಎಷ್ಟು ಅನುಭವಿ ಡ್ರೈವರ್ ಆದರೂ ಅಪಾಯವೇ. ಜೋಮು, ಉರಿಗೆ ಕೊಡುವ ಪ್ರಿಗಾಬಾಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಮೂರೂ ನಿದ್ದೆ ತರುವಂಥವು. ರಾತ್ರಿ ನುಂಗಿದ್ದರ ಮಂಪರು ಬೆಳಿಗ್ಗೆಯೂ ಇದ್ದರೆ ಆ ಹೊತ್ತಿಗೆ ಗಾಡಿ ಬೇಡ. ಸ್ವಲ್ಪ ಜೋಮು ಇರುವವರು ಸಡಿಲ ಚಪ್ಪಲಿ ಬಿಟ್ಟು ಹಿಮ್ಮಡಿ ಹಿಡಿಯುವ ಬೂಟು ಹಾಕಿಕೊಳ್ಳಲಿ.

ಕಣ್ಣಿನ ತಪಾಸಣಿ ಮಾಡಿಸ್ಕೊಂಡು ಹಂಗs ಬೈಕ್ ಮ್ಯಾಲ ಬರಬಹುದಾ?

ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿದ್ದರೆ ಬರಬಾರದು. ಕೆಲವು ತಾಸು ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾತ್ರ ತಪ್ಪಿಸಬೇಡಿ, ಹಾನಿ ಬಹಳ ಮುಂದುವರಿಯುವವರೆಗೂ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. ಲೇಸರ್ ಮಾಡಿಸಿಕೊಂಡವರಿಗೆ ರಾತ್ರಿ ದೃಷ್ಟಿ, ಬದಿಯ ದೃಷ್ಟಿ ಕಡಿಮೆಯಾಗಬಹುದು. ಎದುರಿನ ಹೈಬೀಮ್ ಬಿದ್ದಾಗ ರಸ್ತೆ ಕಾಣದಂತಾದರೆ ಕತ್ತಲಾದ ಮೇಲೆ ಗಾಡಿ ಬೇಡ.

ಶುಗರ್ 300 ಮ್ಯಾಲ ಇದ್ರ?

ಮಂಪರು, ಮಸುಕು ಕಣ್ಣು, ಪದೇ ಪದೇ ಮೂತ್ರ, ಬಾಯಾರಿಕೆ ಇದ್ದರೆ ಓಡಿಸಬೇಡಿ. ವಾಂತಿ, ಹೊಟ್ಟೆನೋವು, ಏದುಸಿರು ಸೇರಿದರೆ ತಡಮಾಡದೆ ದವಾಖಾನೆ, ಅದೂ ಬೇರೆಯವರ ಗಾಡಿಯಲ್ಲಿ. ಡಪಾಗ್ಲಿಫ್ಲೋಜಿನ್ ಜಾತಿಯ ಗುಳಿಗೆ ತೆಗೆದುಕೊಳ್ಳುವವರಿಗೆ ಸಕ್ಕರೆ ಅಷ್ಟು ಏರದೆಯೇ ಈ ಸ್ಥಿತಿ ಬರಬಹುದು.

ಒಂದು ಪೆಗ್ ಹಾಕಿದ್ರ?

ಗಾಡಿ ಇದ್ದರೆ ಒಂದು ಹನಿಯೂ ಬೇಡ. ಶರಾಬು ಯಕೃತ್ತು ಸಕ್ಕರೆ ಬಿಡುಗಡೆ ಮಾಡುವುದನ್ನು ತಡೆಯುತ್ತದೆ, ತಾಸುಗಟ್ಟಲೆ ನಂತರವೂ ಡೌನ್ ಆಗಬಹುದು. ಡೌನ್ ಆದವರನ್ನು ಕುಡಿದಿದ್ದಾರೆಂದು ತಿಳಿದು ಯಾರೂ ಹತ್ತಿರ ಬಾರದಿರುವುದು ಇನ್ನೊಂದು ಅಪಾಯ.

ಲೈಸೆನ್ಸಿಗೆ ತೊಂದ್ರಿ ಆಗ್ತದೇನು?

ಶುಗರ್ ಇದ್ದ ಮಾತ್ರಕ್ಕೆ ಲೈಸೆನ್ಸ್ ನಿರಾಕರಿಸುವುದಿಲ್ಲ. ಅರ್ಜಿಯ ಜೊತೆಗಿನ ಫಾರ್ಮ್ 1ರಲ್ಲಿ ಮೂರ್ಛೆ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇದೆಯೇ ಎಂಬ ಪ್ರಶ್ನೆ ಇದೆ. ಡೌನ್ ಆಗಿ ಪ್ರಜ್ಞೆ ತಪ್ಪಿದ್ದಿದ್ದರೆ ಅಲ್ಲಿ ನಿಜ ಬರೆಯಬೇಕು. 40 ದಾಟಿದವರು ಮತ್ತು ಸಾರಿಗೆ ವಾಹನದವರು ಡಾಕ್ಟರ್ ಸಹಿ ಮಾಡಿದ ಫಾರ್ಮ್ 1ಎ ಕೊಡಬೇಕು. ತನ್ನ ಕಾಯಿಲೆಯಿಂದ ಅಪಾಯವಿದೆ ಎಂದು ಗೊತ್ತಿದ್ದೂ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 186ನೇ ಕಲಮಿನ ಪ್ರಕಾರ ಅಪರಾಧ.

ಇನ್ಸುಲಿನ್ ಪೆನ್ ಗಾಡ್ಯಾಗ ಇಡಬಹುದಾ?

ಬೇಸಿಗೆಯ ಗದಗಿನಲ್ಲಿ ನಿಲ್ಲಿಸಿದ ಕಾರಿನ ಒಳಗು ಹೊರಗಿಗಿಂತ ಬಹಳ ಬಿಸಿಯಾಗುತ್ತದೆ, ಬೈಕಿನ ಡಿಕ್ಕಿಯೂ ಅಷ್ಟೇ. ಅಲ್ಲಿ ಇನ್ಸುಲಿನ್ ಶಕ್ತಿ ಕಳೆದುಕೊಳ್ಳುತ್ತದೆ, ಟೆಸ್ಟ್ ಸ್ಟ್ರಿಪ್ ಕೆಡುತ್ತವೆ. ಗಾಡಿ ಬಿಟ್ಟಿಳಿಯುವಾಗ ಚೀಲ ನಿಮ್ಮ ಹೆಗಲಿಗೇ ಬರಲಿ. ಐಸ್‌ಗೆ ನೇರವಾಗಿ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಬಿಸಾಡಬೇಕಾಗುತ್ತದೆ.

ತೋಳಿಗೆ ಸೆನ್ಸರ್ ಹಚ್ಚೀನಿ, ಫೋನಿನ್ಯಾಗ ಕಾಣ್ತದ.

ಒಳ್ಳೆಯದು, ಅಲಾರಾಂ ಚಾಲೂ ಇಡಿ. ಸೆನ್ಸರ್ ತೋರಿಸುವುದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿನ ಲೆಕ್ಕ, ಬಾಣದ ಗುರುತು ಕೆಳಗೆ ತೋರಿಸುತ್ತಿದ್ದರೆ ಅಂಕಿ ಸರಿ ಕಂಡರೂ ನಿಲ್ಲಿಸಿ. ಓಡಿಸುತ್ತಲೇ ಫೋನ್ ನೋಡಬೇಡಿ.

ನಮ್ಮ ಯಜಮಾನ್ರು ಓಡಸ್ತಾರ, ನಾ ಪಕ್ಕದಾಗ ಕುಂದರ್ತೀನಿ. ನಾ ಏನ್ ನೋಡಬೇಕ್ರೀ?

ಮಾತಿಗೆ ಉತ್ತರ ತಡವಾಗುವುದು, ಬೆವರು, ಸಿಡಿಮಿಡಿ, ಲೇನ್ ತಪ್ಪುವುದು ಕಂಡರೆ ವಾದ ಮಾಡುತ್ತ ಕೂಡಬೇಡಿ. "ನನಗೆ ಹೊಟ್ಟೆ ಒಂಥರಾ ಆಗ್ತಿದೆ, ಸ್ವಲ್ಪ ನಿಲ್ಲಿಸ್ರಿ" ಎಂದರೆ ಹೆಚ್ಚಿನವರು ನಿಲ್ಲಿಸುತ್ತಾರೆ. ನಿಂತ ಮೇಲೆ ಕೀಲಿ ತೆಗೆದುಕೊಂಡು ಗ್ಲೂಕೋಸ್ ಕೊಡಿ.

ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ನೀರು, ಸಕ್ಕರೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ದಾರಿಹೋಕರು ನೆರವಾಗಲು ಹೆದರಬೇಕಿಲ್ಲ, ಅಪಘಾತದಲ್ಲಿ ಸಿಕ್ಕವರಿಗೆ ಸಹಾಯ ಮಾಡಿದವರಿಗೆ ಕಾಯ್ದೆಯ 134ಎ ಕಲಮು ರಕ್ಷಣೆ ಕೊಡುತ್ತದೆ. ದವಾಖಾನೆಯಲ್ಲಿ ಯಾವ ಗುಳಿಗೆ, ಎಷ್ಟು ಹೊತ್ತಿಗೆ ನುಂಗಿದ್ದು ಎಂದು ಹೇಳಿ. ಗ್ಲಿಮೆಪಿರೈಡ್ ಜಾತಿಯದಾದರೆ ಎಚ್ಚರ ಬಂದ ಮೇಲೂ ಮನೆಗೆ ಕಳಿಸದೆ ಒಂದು ದಿನವಾದರೂ ಇಟ್ಟು ನೋಡಬೇಕಾಗಬಹುದು. ಗುಳಿಗೆಯ ಸ್ಟ್ರಿಪ್ಪಿನ ಹಿಂಬದಿಯ ಫೋಟೋ ಒಂದನ್ನು ಇವತ್ತೇ ನಿಮ್ಮ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ.